ಟಗರಿಗೆ ಹಣೆ ಕೊಡದ ಕಾಕಾ

ನಮ್ಮ ಗಾಡಿಗೆ ಈಗ ಹೊಸ ಡ್ರೈವರ್ ಬಂದಿದ್ದಾನೆ. ಕೆಟ್ಟವನೇನಲ್ಲ. ಸಮಯಕ್ಕೆ ಸರಿಯಾಗಿ ಬರುತ್ತಾನೆ, ಸೀಟು ಒರೆಸಿಟ್ಟಿರುತ್ತಾನೆ. ಆದರೆ ಗೋಕಾಕದ ಬಸ್ ಸ್ಟ್ಯಾಂಡ್ ದಾಟಿ ಘೋಡಗೇರಿ ಕಡೆಯ ರಸ್ತೆ ಹಿಡಿಯುವಷ್ಟರಲ್ಲಿ ನಲವತ್ತು ಸಲ ಹಾರ್ನ್ ಹೊಡೆದಿರುತ್ತಾನೆ. ನಾಯಿಗೆ ಹಾರ್ನ್, ಎತ್ತಿಗೆ ಹಾರ್ನ್, ಮುಂದಿನ ಬಸ್ಸಿಗೆ ಹಾರ್ನ್, ಏನೂ ಇಲ್ಲದಿದ್ದರೆ ಖಾಲಿ ರಸ್ತೆಗೂ ಒಂದು ಹಾರ್ನ್. ಬೈಯಬೇಕೆಂದು ಬಾಯಿಯವರೆಗೆ ಬರುತ್ತದೆ. ಬೈಯುವುದಿಲ್ಲ. ಅವನು ಕೂತಿರುವ ಸೀಟಿನಲ್ಲಿ ಹನ್ನೊಂದು ವರ್ಷ ಕಾಕಾ ಕೂತಿದ್ದರು, ಮತ್ತು ಈಗ ಅವರು ಅಲ್ಲಿ ಇಲ್ಲದಿರುವುದಕ್ಕೆ ನಾನೇ ಕಾರಣ.

ಕಾಕಾನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಆ ಹೆಸರು ಹಿಡಿದು ಮೈಕಿನಲ್ಲಿ ಕೂಗಿದ್ದೇ ಈ ಜನ್ಮಕ್ಕೆ ಸಾಕಾಗಿದೆ.

ನಾವು ಆರು ಜನ ಶಿಕ್ಷಕರು ಗೋಕಾಕದಲ್ಲಿ ಮನೆ ಮಾಡಿಕೊಂಡು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ದಿನಾ ಓಡಾಡುವವರು. ಬಸ್ಸು ನಂಬಿದರೆ ಪ್ರಾರ್ಥನೆ ತಪ್ಪುತ್ತದೆಂದು ಕಾಕಾ ಓಡಿಸುತ್ತಿದ್ದ ಬಾಡಿಗೆ ವ್ಯಾನು ಹಿಡಿದಿದ್ದೆವು. ಅವರ ಊರು ಅರಭಾವಿ ದಾಟಿ ಮೂಡಲಗಿಗೆ ಹೋಗುವಾಗ ಒಳಕ್ಕೆ ಸಿಗುವ ಒಂದು ಹಳ್ಳಿ. ತಲೆತಲಾಂತರದಿಂದ ಕುರಿ ಕಾಯ್ದ ಮನೆ. ಇವರೂ ಮೂವತ್ತರ ವಯಸ್ಸಿನವರೆಗೆ ಕುರಿಯ ಹಿಂದೆಯೇ ನಡೆದವರು. ಆಮೇಲೆ ಹಟ್ಟಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಸ್ಟಿಯರಿಂಗ್ ಹಿಡಿದರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಟೊಪ್ಪಿಗೆ, ಬಿಳಿ ಮೀಸೆ. ಓಡಿಸುವಾಗ ಟೊಪ್ಪಿಗೆ ಸ್ಟಿಯರಿಂಗಿನ ಮುಂದಿನ ಗಾಜಿನ ಬಳಿ ಇರುತ್ತಿತ್ತು, ಅದರ ಪಕ್ಕದಲ್ಲಿ ಭಂಡಾರದ, ಅಂದರೆ ದೇವರ ಅರಿಶಿನದ, ಸಣ್ಣ ಡಬ್ಬಿ. ಗಾಡಿಯಿಂದ ಇಳಿಯುವಾಗ ಮರೆಯದೆ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದರು. ಪಂಕ್ಚರ್ ತೆಗೆಯಲು ಇಳಿದರೂ ಅಷ್ಟೇ.

ಅವರು ಹಾರ್ನ್ ಹೊಡೆಯುತ್ತಿರಲಿಲ್ಲ. ರಸ್ತೆಗೆ ಕುರಿ ಹಿಂಡು ಅಡ್ಡ ಬಂದರೆ ಎಂಜಿನ್ ಬಂದ್ ಮಾಡುವರು, ಟೊಪ್ಪಿಗೆ ಹಾಕಿಕೊಂಡು ಕೆಳಗಿಳಿಯುವರು, ನಾಲಿಗೆಯಲ್ಲಿ ಏನೋ ಒಂದು ಸದ್ದು ಮಾಡುವರು. ಹಿಂಡು ಎರಡಾಗಿ ಒಡೆದು ದಾರಿ ಬಿಡುತ್ತಿತ್ತು. ಕುರುಬರ ಹತ್ತಿರ ಮಳೆ, ಮೇವು, ರೋಗ ಎಲ್ಲ ವಿಚಾರಿಸಿಯೇ ವಾಪಸ್ಸು ಬರುತ್ತಿದ್ದರು. ಹಿಂದೆ ಕೂತು ನಾನು ಗಡಿಯಾರ ನೋಡಿ ಚಡಪಡಿಸುತ್ತಿದ್ದೆ.

“ಕಾಕಾ, ಒಂದ ಹಾರ್ನ್ ಹೊಡದಿದ್ರ ಮುಗೀತಿತ್ತಲ್ಲ?”

“ಹಾರ್ನಿಗಿ ಕುರಿ ಬೆದರತಾವ್ರಿ ಬಾಯಾರ. ಬೆದರಿದ್ದು ಎಲ್ಲಿ ಹಾಯತೈತಿ ಅಂತ ಅದಕ್ಕೂ ಗೊತ್ತಿರೂದಿಲ್ಲ.”

ಹಳೆಯ ಕಾಲದವರು ಶಿಕ್ಷಕಿಯರನ್ನು ಕರೆಯುವ ಹಾಗೆ ನನ್ನನ್ನು ಬಾಯಾರ ಎಂದೇ ಕರೆಯುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ಒಂದು ದಿನವೂ ಅವರ ಬಾಯಲ್ಲಿ ಏಕವಚನ ಬರಲಿಲ್ಲ.

ಅವರಿಗೊಂದು ಟಗರಿನ ಮಾತಿತ್ತು. ಕುರಿ ಕಾಯುತ್ತಿದ್ದಾಗ ಒಂದು ಕೆಟ್ಟ ಟಗರು ಇವರ ಮೊಣಕಾಲು ಮುರಿದಿತ್ತಂತೆ. “ಹಾಯಾಕ ಬಂದ ಟಗರಿಗೆ ಹಣಿ ಕೊಡಬಾರದ್ರಿ. ಎದುರಾ ನಿಂತು ಕಣ್ಣಾಗ ಕಣ್ಣಿಟ್ರ ಅದು ನಮ್ಮನ್ನೂ ಒಂದ ಟಗರ ಅಂತ ತಿಳೀತೈತಿ. ಬಾಜೂ ಆಗಿ ನಿಂದರಬೇಕು, ನೆಲಾ ನೋಡಬೇಕು. ಇದು ಕಂಬ ಅಂತ ತಿಳದು ಹೋಗತೈತಿ.” ಹೇಳುವಾಗಲೇ ಸೀಟಿನಲ್ಲಿ ಭುಜ ತಿರುಗಿಸಿ ತೋರಿಸುತ್ತಿದ್ದರು. ನಮ್ಮ ದೈಹಿಕ ಶಿಕ್ಷಣದ ಮಾಸ್ತರು, ಎಲ್ಲರೂ ಪೀಟೀ ಸರ್ ಎನ್ನುವವರು, ಇದನ್ನು ಕೇಳಿ ನಗುತ್ತಿದ್ದರು. “ಕಂಬಾಗಿ ಎಷ್ಟ ದಿನಾ ನಿಂದರೂದು ಕಾಕಾ?” ಎಂದು ಕಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಹೋದ ವರ್ಷದ ಹಿಂದಿನ ವರ್ಷ, ಡಿಸೆಂಬರಿನಲ್ಲಿ ಒಂದು ದಿನ ಶಾಲೆ ಬಿಟ್ಟು ವಾಪಸ್ಸು ಬರುತ್ತಿದ್ದೆವು. ಕಬ್ಬು ಕಡಿಯುವ ಕಾಲ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ತನ್ನ ಹಾಡು ತಾನು ಹಾಕಿಕೊಂಡು ರಸ್ತೆಯ ತುಂಬ ಹೋಗುತ್ತಿತ್ತು. ಹಿಂದೆ ಒಂದು ಬಿಳಿ ದೊಡ್ಡ ಕಾರು ಹಾರ್ನ್ ಒತ್ತಿ ಹಿಡಿದಿತ್ತು. ಬದಿಗೆ ಸರಿಯಲು ಅಲ್ಲಿ ಜಾಗವಿರಲಿಲ್ಲ, ಎರಡೂ ಕಡೆ ತಗ್ಗು. ಜಾಗ ಸಿಕ್ಕ ಕೂಡಲೇ ಕಾಕಾ ಗಾಡಿಯನ್ನು ಮಣ್ಣಿಗಿಳಿಸಿ ದಾರಿ ಕೊಟ್ಟರು. ಅಷ್ಟರಲ್ಲಿ ಕಾರಿನವರ ತಲೆ ಕೆಟ್ಟಾಗಿತ್ತು. ಮುಂದೆ ಹೋಗಿ ಅಡ್ಡ ನಿಲ್ಲಿಸಿದರು. ಕಾರಿನ ಹಿಂದಿನ ಗಾಜಿನ ಮೇಲೆ ಹುಲಿ ಉಗುರಿನಿಂದ ಕೆರೆದಂತೆ ಕೆಂಪು ಗೆರೆಗಳ ಚಿತ್ರ ಅಂಟಿಸಿತ್ತು. ಮೂವರು ಇಳಿದರು.

ಕಾಕಾ ತಿರುಗಿ ನೋಡದೆ ಹೇಳಿದರು. “ಕಿಡಕಿ ಕಾಚು ಏರಸ್ರಿ. ಯಾರೂ ಇಳೀಬ್ಯಾಡ್ರಿ. ಅವರ ಮಾರಿ ನೋಡಬ್ಯಾಡ್ರಿ. ಫೋನ್ ಎತ್ತಿ ತೋರಸಬ್ಯಾಡ್ರಿ.”

“ಮೂರ ಮಂದಿ ಅದಾರ, ನಾ ನೋಡಕೋತೇನಿ,” ಎಂದು ಪೀಟೀ ಸರ್ ಬಾಗಿಲಿಗೆ ಕೈ ಹಾಕಿದರು.

“ಸರ್, ಬಾಜೂಕ ಯಾರ ಕುಂತಾರ ನೋಡ್ರಿ,” ಎಂದರು ಕಾಕಾ. ಪೀಟೀ ಸರ್ ಪಕ್ಕದಲ್ಲಿ ವಿಜ್ಞಾನದ ಟೀಚರ್ ಕೂತಿದ್ದಳು. ಏಳು ತಿಂಗಳ ಬಸುರಿ. ಸರ್ ಕೈ ವಾಪಸ್ಸು ತೆಗೆದುಕೊಂಡರು.

ಮೂವರೂ ಗಾಜು ಬಡಿಯತೊಡಗಿದರು. ಬಾಯಲ್ಲಿ ಬಂದ ಮಾತುಗಳನ್ನು ಬರೆಯಲಾರೆ. ಕಾಕಾ ಎರಡು ಬೆರಳಷ್ಟು ಗಾಜು ಇಳಿಸಿ “ತಪ್ಪಾತ್ರಿ ಸಾವಕಾರ” ಎಂದರು. ತಪ್ಪು ಅವರದಲ್ಲವೇ ಅಲ್ಲ! ಹಿಂದೆ ಕೂತ ನನಗೆ ಮೈ ಉರಿದುಹೋಯಿತು. ಅಷ್ಟರಲ್ಲಿ ಒಬ್ಬ ರಸ್ತೆ ಬದಿಯ ಕಲ್ಲೆತ್ತಿಕೊಂಡು ವಿಜ್ಞಾನದ ಟೀಚರ್ ಕೂತಿದ್ದ ಕಡೆಯ ಗಾಜಿನ ಹತ್ತಿರ ಬಂದ. ಕಾಕಾ ಟೊಪ್ಪಿಗೆ ಹಾಕಿಕೊಂಡರು, ಕೆಳಗಿಳಿದರು, ಹೊರಗಿನಿಂದ ಬಾಗಿಲು ಲಾಕ್ ಮಾಡಿ ನಾಲ್ಕು ಹೆಜ್ಜೆ ಆಚೆ ನಡೆದು ನಿಂತರು. ಕಲ್ಲು ಹಿಡಿದವನು ನಮ್ಮನ್ನು ಬಿಟ್ಟು ಅವರ ಕಡೆ ಹೋದ.

ಕಾಕಾ ಬಾಜೂ ತಿರುಗಿ, ನೆಲ ನೋಡುತ್ತ ನಿಂತಿದ್ದರು. ಒಬ್ಬ ಕಪಾಳಕ್ಕೆ ಹೊಡೆದ. ಟೊಪ್ಪಿಗೆ ಬಿತ್ತು. “ತಪ್ಪಾತ್ರಿ.” ಇನ್ನೊಂದು ಹೊಡೆತ. “ತಪ್ಪಾತ್ರಿ.” ನಾವು ಐದು ಜನ ಓದಿದವರು, ಊರಿಗೆ ಬುದ್ಧಿ ಹೇಳುವವರು, ಗಾಜಿನ ಒಳಗೆ ಕೂತು ನೋಡಿದೆವು. ಆರನೆಯವರು, ಹಿಂದಿ ಮಾಸ್ತರು, ಆ ದಿನ ರಜೆ ಇದ್ದರು. ಇದ್ದಿದ್ದರೆ ಅವರೂ ನೋಡುತ್ತಿದ್ದರು.

ಹಿಂದಿನಿಂದ ಒಂದು ಬಸ್ಸು ಬಂದು ನಿಂತಿತು. ಜನ ಕಿಟಕಿಯಿಂದ ತಲೆ ಹಾಕಿದರು. ಮೂವರೂ ಇನ್ನೆರಡು ಬೈಗುಳ ಬೈದು ಕಾರು ಹತ್ತಿ ಹೋದರು. ಕಾಕಾ ಬಗ್ಗಿ ಟೊಪ್ಪಿಗೆ ಎತ್ತಿಕೊಂಡರು, ಮಣ್ಣು ಝಾಡಿಸಿದರು, ಬಂದು ಕೂತರು.

“ಹೋದ್ರಲ್ಲ, ನಡೀರಿ ಜಲ್ದಿ,” ಎಂದೆ ನಾನು.

“ಟಗರ ಹಿಂದ ಸರೀತು ಅಂದ್ರ ಹೋತು ಅಂತ ತಿಳೀಬಾರದ್ರಿ,” ಎಂದರು. ಬಸ್ಸನ್ನು ಮುಂದೆ ಬಿಟ್ಟು ಅದರ ಬೆನ್ನು ಹಿಡಿದರು. ಅವರು ಹೇಳಿದ್ದು ನಿಜವಾಗಿತ್ತು. ಮುಂದಿನ ತಿರುವಿನಲ್ಲಿ ಬಿಳಿ ಕಾರು ಕಾಯುತ್ತ ನಿಂತಿತ್ತು. ನಾವು ಬಸ್ಸಿಗೆ ಅಂಟಿಕೊಂಡೇ ದಾಟಿದೆವು; ಅದು ಹಿಂದೆ ಬಂತು. ಕ್ರಾಸಿನಲ್ಲಿ ಒಂದು ಪೆಟ್ರೋಲ್ ಪಂಪ್ ಇದೆ, ಯಾವಾಗಲೂ ಜನ. ಕಾಕಾ ಗಾಡಿಯನ್ನು ಅದರ ನಡುಮಧ್ಯಕ್ಕೆ ಒಯ್ದು ನಿಲ್ಲಿಸಿದರು. ಕಾರು ಹೊರಗೆ ನಿಧಾನವಾಯಿತು, ಜನರನ್ನು ನೋಡಿತು, ಹೋಯಿತು.

ಕಾಕಾ ಎಂಜಿನ್ ಬಂದ್ ಮಾಡಿ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು.

“ಇಟಗೋರ್ರಿ ಬಾಯಾರ. ಅರ್ಧಾ ತಾಸ ನಾ ಕೇಳಿದ್ರೂ ಕೊಡಬ್ಯಾಡ್ರಿ. ಸಿಟ್ಟ ಇನ್ನಾ ಕೈಯಾಗ ಐತಿ.”

ಆಗಲೇ ನನಗೆ ಗೊತ್ತಾಗಿದ್ದು, ಈ ಮನುಷ್ಯನಿಗೂ ಸಿಟ್ಟು ಬಂದಿದೆ ಎಂದು. ಅವರ ಎಡಗೆನ್ನೆ ಕೆಂಪಗಾಗಿತ್ತು. ಸೀಟಿನ ಕೆಳಗಿನ ಚೀಲದಿಂದ ಬೆಲ್ಲದ ಉಂಡೆ ತೆಗೆದು, ಒಡೆದು, ಎಲ್ಲರ ಅಂಗೈಗೂ ಒಂದೊಂದು ಚೂರು ಹಾಕಿದರು. ಮನೆಗೆ ಬಂದ ಬೀಗರಿಗೆ ಕೊಡುವ ಹಾಗೆ. “ಮದಲ ಬೆಲ್ಲ ತಿನ್ರಿ, ನೀರ ಕುಡೀರಿ. ಗಾಬರ್ಯಾಗ ಮಾತ ಆಡಬಾರದು.” ವಿಜ್ಞಾನದ ಟೀಚರ್‌ಗೆ ಎರಡು ಸಲ ನೀರು ಕುಡಿಸಿದರು. ಅವಳು ಅಳು ನಿಲ್ಲಿಸಿದ ಮೇಲೆಯೇ ಅವರು ಒಂದು ಚೂರು ಬಾಯಿಗೆ ಹಾಕಿಕೊಂಡದ್ದು.

ಪೊಲೀಸರಿಗೆ ಫೋನ್ ಮಾಡೋಣ ಎಂದೆ. ಕಾಕಾ ನೀರಿನ ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಬ್ಯಾಡ ಅನ್ನೂದಿಲ್ರಿ. ಮಾಡೂದ ಸರಿ. ಆದ್ರ ಠಾಣೆಯವರು ಮನಿ ಮಟಾ ಬರತಾರ. ನನ್ನ ಮಗನ ಕಿವಿಗಿ ಇದು ಬೀಳಬಾರದು. ಅಂವ ಹಣಿ ಕೊಡೂ ಟಗರ ಅದಾನ್ರಿ. ಅಪ್ಪನ ಮ್ಯಾಗ ಕೈ ಮಾಡ್ಯಾರ ಅಂತ ಗೊತ್ತಾದ್ರ ಹುಡಕ್ಯಾಡಿ ಹೋಗ್ತಾನ. ಹೋದ ವರ್ಷ ಲಗ್ನ ಆಗೇತಿ. ನನಗ ಬಿದ್ದ ಏಟ ನಾಕ ದಿನದಾಗ ಆರತೈತಿ. ಅಂವ ಹೋಗಿ ಏನರೆ ಮಾಡಿದ್ರ ಆರೂದಿಲ್ಲ.”

ಎದ್ದುಹೋಗಿ ಸ್ಟಿಯರಿಂಗಿನ ಮುಂದಿದ್ದ ಭಂಡಾರದ ಡಬ್ಬಿ ತಂದರು. ಭಂಡಾರ ಮುಟ್ಟಿ ಹೇಳಿದ ಮಾತು ಕುರಿ ಕಾಯುವ ಜನರಿಗೆ ಎಷ್ಟು ದೊಡ್ಡದೆಂದು ಈ ಸೀಮೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. “ಮುಟ್ಟಿ ಹೇಳ್ರಿ, ಯಾರ ಮುಂದೂ ಆಡೂದಿಲ್ಲ ಅಂತ.” ಎಲ್ಲರೂ ಮುಟ್ಟಿದೆವು. ನಾನೇ ಮೊದಲು ಮುಟ್ಟಿದ್ದು. ಅರಿಶಿನ ಎರಡು ದಿನ ಬೆರಳಿಗೆ ಹಾಗೇ ಇತ್ತು.

ಮರುದಿನವೂ ಕಾಕಾ ಸಮಯಕ್ಕೆ ಬಂದರು. ಅದೇ ರಸ್ತೆ, ಅದೇ ಟ್ರ್ಯಾಕ್ಟರುಗಳು. ಬಿಳಿ ಕಾರು ಕಂಡರೆ ಮಾತ್ರ ಅವರ ಕೈ ಸ್ಟಿಯರಿಂಗ್ ಮೇಲೆ ಬಿಗಿಯಾಗುತ್ತಿತ್ತು. ನಾವು ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದೆವು.

ಇನ್ನು ನನ್ನ ಘನಕಾರ್ಯ ಹೇಳಬೇಕು. ನಾನು ನಮ್ಮ ಶಾಲೆಯ ಖಾಯಂ ನಿರೂಪಕಿ. ಧ್ವಜವಂದನೆಯಿಂದ ಹಿಡಿದು ಬೀಳ್ಕೊಡುಗೆಯವರೆಗೆ ಮೈಕು ನನ್ನ ಕೈಯಲ್ಲೇ. ಮೈಕು ಸಿಕ್ಕರೆ ನನಗೆ ಮೈಮೇಲೆ ಎಚ್ಚರ ಇರುವುದಿಲ್ಲವೆಂದು ನನ್ನ ಯಜಮಾನರು ಯಾವಾಗಲೂ ಹೇಳುತ್ತಾರೆ. ಅವರ ಮಾತನ್ನು ನಾನು ಯಾವಾಗಲೂ ತಳ್ಳಿಹಾಕುತ್ತೇನೆ. ಫೆಬ್ರುವರಿಯಲ್ಲಿ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತು. ನಮ್ಮ ಕಡೆ ಗ್ಯಾದರಿಂಗ್ ಎಂದರೆ ಸತ್ಕಾರ ಆಗಲೇಬೇಕು. ವರ್ಗವಾದವರಿಗೆ ಸತ್ಕಾರ, ಆರಿಸಿ ಬಂದವರಿಗೆ ಸತ್ಕಾರ, ಶಾಲೆಗೊಂದು ಫ್ಯಾನ್ ಕೊಟ್ಟವರಿಗೂ ಸತ್ಕಾರ. ಪ್ರೀತಿ ಉಕ್ಕಿದರೂ ತಲೆಗೆ ರುಮಾಲು ಸುತ್ತುತ್ತೇವೆ, ಒಬ್ಬರಿಗೆ ಏನು ಮಾಡಬೇಕೆಂದು ತೋಚದಿದ್ದರೂ ರುಮಾಲು ಸುತ್ತುತ್ತೇವೆ. ಈ ಸಲ ಯಾರಿಗೆ ಎಂದು ಹೆಡ್‌ಮಾಸ್ತರು ಕೇಳಿದಾಗ ನಾನು ಕಾಕಾನ ಹೆಸರು ಹೇಳಿದೆ.

ನಿಜ ಹೇಳುತ್ತೇನೆ, ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಗಾಜಿನೊಳಗೆ ಕೂತು ನೋಡಿದ್ದು ಎರಡು ತಿಂಗಳಿಂದ ನನ್ನನ್ನು ತಿನ್ನುತ್ತಿತ್ತು. ಟೊಪ್ಪಿಗೆ ಬಿದ್ದ ತಲೆಗೆ ನನ್ನ ಕೈಯಾರೆ ರುಮಾಲು ಸುತ್ತಿಸಿದರೆ ಆ ಋಣ ತೀರುತ್ತದೆ ಎನಿಸಿತು. ಭಂಡಾರ ನೆನಪಾಗಲಿಲ್ಲವೇ? ಆಯಿತು. ನಾನೇನು ಅವರ ಮನೆಗೆ ಹೋಗಿ ಹೇಳುತ್ತಿಲ್ಲವಲ್ಲ, ಇದು ಹುಕ್ಕೇರಿ ತಾಲೂಕಿನ ಶಾಲೆ, ಅವರ ಊರು ಮೂಡಲಗಿ ಕಡೆ, ಎರಡು ತಿಂಗಳು ಬೇರೆ ಆಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಕಾನಿಗೆ ಮಾತ್ರ ಏನೂ ತಿಳಿಸಲಿಲ್ಲ. ಊಟಕ್ಕೆ ಇರಬೇಕು ಎಂದಷ್ಟೇ ಹೇಳಿದ್ದೆ.

ಹೆಸರು ಕೂಗಿದಾಗ ಅವರು ಪೆಂಡಾಲಿನ ಹಿಂದೆ ಗಾಡಿ ಒರೆಸುತ್ತಿದ್ದರು. ಪೀಟೀ ಸರ್ ಹೋಗಿ ಕರೆತಂದರು. ಗುಲಾಬಿ ಬಣ್ಣದ ರುಮಾಲು ಸುತ್ತಿದರು, ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರ ಮನೆಯೂ ಉಳಿಯುತ್ತಿತ್ತು. ನಾನು ಮೈಕು ಹಿಡಿದು ಶುರು ಮಾಡಿದೆ. ಟ್ರ್ಯಾಕ್ಟರು, ಬಿಳಿ ಕಾರು, ಹುಲಿ ಉಗುರಿನ ಚಿತ್ರ, ಕಲ್ಲು, ಕಪಾಳದ ಮೇಲೆ ಒಂದು, ಎರಡು. ಜನ ಉಸಿರು ಹಿಡಿದು ಕೇಳಿದರು. ಅವರು ಹಾಗೆ ಕೇಳುತ್ತಿದ್ದರೆ ನನ್ನ ಮಾತಿಗೆ ಕೈಕಾಲು ಬರುತ್ತವೆ. ಪಾಲಕರು ಫೋನ್ ಎತ್ತಿ ಹಿಡಿದಿದ್ದರು.

ಕಾಕಾ ಅಷ್ಟರಲ್ಲಿ ನಿಧಾನವಾಗಿ ಬಾಜೂ ತಿರುಗಿದ್ದರು. ಭುಜ ಜನರ ಕಡೆ, ಕಣ್ಣು ನೆಲಕ್ಕೆ. ನಾಚಿಕೆ ಎಂದುಕೊಂಡೆ. ಹನ್ನೊಂದು ವರ್ಷ ಆ ಮನುಷ್ಯನ ಬೆನ್ನ ಹಿಂದೆ ಕೂತು ಬಂದವಳು ನಾಚಿಕೆ ಎಂದುಕೊಂಡೆ! “ಕಾಕಾ, ಜನಾ ನೋಡ್ಲಿ, ಇತ್ತ ತಿರಗ್ರಿ” ಎಂದು ನಾನೇ ಅವರ ಭುಜ ಹಿಡಿದು ಜನರ ಕಡೆ ತಿರುಗಿಸಿದೆ. ಜೋರು ಚಪ್ಪಾಳೆ ಬಿತ್ತು.

ಆ ಸಂಜೆ ಅವರು ರುಮಾಲು, ಶಾಲು ಸೀಟಿನ ಕೆಳಗೆ ತುರುಕಿ ನಮ್ಮನ್ನು ಗೋಕಾಕದವರೆಗೆ ತಂದು ಬಿಟ್ಟರು. ಇಳಿಯುವಾಗ “ಬೇಜಾರಾತೇನ್ರಿ ಕಾಕಾ?” ಎಂದೆ. “ಬಾಯಾರ, ಎಷ್ಟ ಮಂದಿ ಫೋನ್ ಹಿಡದಿದ್ರು?” ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ.

ಸೋಮವಾರ ಗಾಡಿ ಬರಲಿಲ್ಲ. ಕಾಕಾನ ಫೋನ್ ಬಂದ್. ಬುಧವಾರ ಪೀಟೀ ಸರ್ ಸುದ್ದಿ ತಂದರು. ವಿಡಿಯೋ ಅದೇ ರಾತ್ರಿ ಮೂಡಲಗಿ ಮುಟ್ಟಿತ್ತಂತೆ. ಮಗ ಅಪ್ಪನನ್ನು ಏನೂ ಕೇಳಲಿಲ್ಲವಂತೆ. ಹುಲಿ ಉಗುರಿನ ಚಿತ್ರದ ಬಿಳಿ ಕಾರು ಯಾರದೆಂದು ನಾಲ್ಕು ಕಡೆ ವಿಚಾರಿಸಿದ್ದಾನೆ, ಹುಕ್ಕೇರಿಯ ಒಂದು ಚಹಾದ ಅಂಗಡಿ ಮುಂದೆ ಅದು ಸಿಕ್ಕಿದೆ. ಕಾಕಾ ವಿಷಯ ತಿಳಿದು ಗಾಡಿ ತೆಗೆದುಕೊಂಡು ಹಿಂದೆಯೇ ಓಡಿದ್ದರಂತೆ. ಎಂದೂ ಹಾರ್ನ್ ಹೊಡೆಯದ ಮನುಷ್ಯ ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತ ಹೋದರಂತೆ. ಅವರು ಮುಟ್ಟುವಷ್ಟರಲ್ಲಿ ಆಗುವುದೆಲ್ಲ ಆಗಿತ್ತು. ಮಗ ಜಾಕಿನ ರಾಡಿನಿಂದ ಒಬ್ಬನ ತಲೆ ಒಡೆದಿದ್ದ. ಉಳಿದಿಬ್ಬರು ಅದೇ ರಾಡು ಕಸಿದುಕೊಂಡು ಅವನ ಬಲಗೈ ಎರಡು ಕಡೆ ಮುರಿದಿದ್ದರು. ಕೇಸು ಎರಡೂ ಕಡೆ ಆಯಿತು. ಆದರೆ ಹುಡುಕಿಕೊಂಡು ಹೋಗಿ ಹೊಡೆದವನು ಮಗನೇ ಆದ್ದರಿಂದ ಅವನ ಮೇಲಿನದ್ದೇ ದೊಡ್ಡ ಕೇಸು. ಡಿಸೆಂಬರಿನ ಕಪಾಳದ ಏಟುಗಳಿಗೆ ಯಾವ ಕಾಗದದಲ್ಲೂ ಜಾಗವಿರಲಿಲ್ಲ. ನಾವು ದೂರೇ ಕೊಟ್ಟಿರಲಿಲ್ಲವಲ್ಲ.

ನಾನು ಎರಡು ಸಲ ಕಾಕಾನ ಊರಿಗೆಂದು ಹೊರಟೆ. ಎರಡು ಸಲವೂ ಅರಭಾವಿಯಲ್ಲಿ ಬಸ್ಸಿಳಿದು, ಎದುರಿನ ಬಸ್ಸು ಹತ್ತಿ ವಾಪಸ್ಸು ಬಂದೆ. ಏನೆಂದು ಹೇಳಲಿ? ಮಾತೇ ನನ್ನ ಕಸುಬು, ಒಂದು ವಾಕ್ಯ ಹೊಂದಿಸಲಾಗಲಿಲ್ಲ.

ಜೂನ್ ತಿಂಗಳಲ್ಲಿ ತರಬೇತಿಗೆಂದು ಹುಕ್ಕೇರಿಗೆ ಹೋದಾಗ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಆ ಬಿಳಿ ಟೊಪ್ಪಿಗೆ ಕಂಡಿತು. ಅವತ್ತು ಮಗನ ಕೇಸಿನ ತಾರೀಖು ಇತ್ತು. ಮೂಡಲಗಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಸ್ಟಿಯರಿಂಗನ್ನು ಆ ದಿನದಿಂದ ಮುಟ್ಟಿಲ್ಲವಂತೆ. ಪಕ್ಕದಲ್ಲಿ ಮಗ. ಬಲಗೈ ಮೊಣಕೈ ಹತ್ತಿರ ಸೊಟ್ಟಗೆ ನಿಂತಿತ್ತು.

“ಬರ್ರಿ ಬಾಯಾರ, ಕುಂದರ್ರಿ,” ಎಂದು ಕಾಕಾ ಟವೆಲಿನಿಂದ ಕಟ್ಟೆ ಒರೆಸಿ ಜಾಗ ಮಾಡಿದರು. ಮಗನಿಗೆ ಹೇಳಿದರು, “ನಮ್ಮ ಸಾಲಿ ಬಾಯಾರು.”

ಅವನು ನನ್ನ ಮುಖ ನೋಡಿದ. ಅಪ್ಪನಂತೆಯೇ ಅಗಲ ಹಣೆ. “ಗೊತ್ತೈತಿ. ಚಲೋ ಮಾತಾಡೀರಿ ಬಾಯಾರ ಅವತ್ತ,” ಎಂದ. ಸಿಟ್ಟಿನಿಂದಲ್ಲ, ವ್ಯಂಗ್ಯದಿಂದಲೂ ಅಲ್ಲ. “ನಾ ವಿಡಿಯೋ ಹತ್ತ ಸಲ ಹಚ್ಚಿ ಕೇಳೀನಿ.”

ನಾನು ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಾಕಾ ಅದನ್ನು ನೋಡಿದರು. ಚೀಲಕ್ಕೆ ಕೈ ಹಾಕಿ ಬೆಲ್ಲ ತೆಗೆದು, ಒಡೆದು, ನನ್ನ ಅಂಗೈಗೆ ಒಂದು ಚೂರು ಹಾಕಿದರು. ನೀರಿನ ಬಾಟಲಿ ಮುಚ್ಚಳ ತೆಗೆದುಕೊಟ್ಟರು. “ಮದಲ ತಿನ್ರಿ. ನೀರ ಕುಡೀರಿ. ಆಮ್ಯಾಲ ಮಾತು.”

ತಿಂದೆ. ಕುಡಿದೆ. ಇಷ್ಟು ದಿನ ಹೊಂದಿಸಲಾಗದ ಮಾತು ಹೊರಗೆ ಬಂತು.

“ಕಾಕಾ, ತಪ್ಪಾತ್ರಿ.”

ಬೈದಿದ್ದರೆ ತಲೆ ಬಗ್ಗಿಸಿ ಕೇಳುತ್ತಿದ್ದೆ, ಹೊಡೆದಿದ್ದರೂ ನಿಂತಿರುತ್ತಿದ್ದೆ. ಅವರು ಕೂತಲ್ಲಿಯೇ ಮೆಲ್ಲಗೆ ಬಾಜೂ ತಿರುಗಿದರು. ಭುಜ ನನ್ನ ಕಡೆ, ಕಣ್ಣು ನೆಲಕ್ಕೆ. ಕೋರ್ಟಿನ ಒಳಗಿನಿಂದ ಮಗನ ಹೆಸರು ಕೂಗುವವರೆಗೂ ಹಾಗೇ ಕೂತಿದ್ದರು. ಈ ಸಲ ನಾನು ಅವರ ಭುಜ ಮುಟ್ಟಲಿಲ್ಲ.